ಧೂಳು ಎಲ್ಲಿ ಕೂರುತ್ತೆ?

ಮೂವತ್ತು ತುಂಬಿದ ಮೇಲೂ ಗೊಂಬೆ ಇಟ್ಕೊಂಡು ಕೂರ್ತೀನಿ ಅಂದ್ರೆ ನಗಬೇಡಿ. ಆಟಕ್ಕಲ್ಲ, ಬಣ್ಣ ಹಚ್ಚೋಕೆ. ವಾರವಿಡೀ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆದು, ಸಂಜೆ ಬೊಮ್ಮಸಂದ್ರ-ಜಿಗಣಿ ಲಿಂಕ್ ರೋಡಿನಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಮನೆ ಸೇರುತ್ತೇನೆ. ಶುಕ್ರವಾರ ರಾತ್ರಿ ಊಟ ಆದ ಮೇಲೆ ಟೇಬಲ್ ಲ್ಯಾಂಪ್ ಹಾಕ್ಕೊಂಡು ಕೂತರೆ ಹನ್ನೆರಡು ಹೊಡೆದದ್ದೇ ಗೊತ್ತಾಗಲ್ಲ. ಕೈಯಲ್ಲಿ ಮೂರು ಸೊನ್ನೆ ನಂಬರಿನ ಬ್ರಷ್, ಎದುರಿಗೆ ಏಳೂವರೆ ಸೆಂಟಿಮೀಟರ್ ಎತ್ತರದ ಒಬ್ಬ ಸಿಪಾಯಿ.

ಇದಕ್ಕೆ ಸ್ಕೇಲ್ ಮಾಡೆಲ್ ಅಂತಾರೆ. ಆರಡಿ ಆಳನ್ನು ಇಪ್ಪತ್ತನಾಲ್ಕು ಪಾಲು ಚಿಕ್ಕದು ಮಾಡಿದರೆ ಈ ಎತ್ತರ ಬರುತ್ತೆ. ರೆಸಿನ್‌ನಲ್ಲಿ ಎರಕ ಹೊಯ್ದ ಬೂದು ಬಣ್ಣದ ತುಂಡುಗಳು ಡಬ್ಬಿಯಲ್ಲಿ ಬರ್ತವೆ. ಉಜ್ಜಿ, ಅಂಟಿಸಿ, ಬಣ್ಣ ಹಚ್ಚೋದು ನಮ್ಮ ಕೆಲಸ. ಲಾಕ್‌ಡೌನ್‌ನಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಂಕ್ ಕಿಟ್‌ನಿಂದ ಶುರುವಾದ ಹುಚ್ಚು ನನ್ನದು. ಆಮೇಲೆ ಟ್ಯಾಂಕ್ ಬಿಟ್ಟು ಮನುಷ್ಯರ ಕಡೆ ಬಂದೆ. ಟ್ಯಾಂಕಿಗೆ ಮುಖ ಇರಲ್ಲವಲ್ಲ.

ಆದರೆ ಮಾರ್ಕೆಟ್‌ನಲ್ಲಿ ಸಿಗೋ ಸಿಪಾಯಿಗಳೆಲ್ಲ ಜರ್ಮನ್ನರು, ಅಮೆರಿಕನ್ನರು, ಬ್ರಿಟಿಷರು. ನಮ್ಮವರು ಯಾರೂ ಇಲ್ವಾ ಅನ್ನೋ ಪ್ರಶ್ನೆ ತಲೇಲಿತ್ತು. ಎರಡು ವರ್ಷದ ಹಿಂದೆ ಆಫೀಸ್ ಕೆಲಸದ ಮೇಲೆ ದೆಹಲಿಗೆ ಹೋದಾಗ ಕ್ಯಾಬ್ ಒಂದು ಸರ್ಕಲ್ ಸುತ್ತಿತು. ನಡುವೆ ಕಲ್ಲಿನ ಕಂಬ, ಸುತ್ತ ಮೂವರು ಕಂಚಿನ ಸೈನಿಕರು. ತೀನ್ ಮೂರ್ತಿ. ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಕೆಲಸ, 1922ರದ್ದು. ಮೂವರಲ್ಲಿ ಒಬ್ಬ ಹೈದರಾಬಾದಿನವನು, ಒಬ್ಬ ಜೋಧಪುರದವನು, ಇನ್ನೊಬ್ಬ ನಮ್ಮ ಮೈಸೂರಿನವನು ಅಂತ ಹೋಟೆಲ್ ರೂಮಿಗೆ ಬಂದು ಮೊಬೈಲ್‌ನಲ್ಲಿ ಓದಿದೆ. ನೋಡಿದರೆ ಅಷ್ಟು ದೂರ ಹೋಗೋದೇ ಬೇಕಿರಲಿಲ್ಲ. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ಆ ದಾರಿಯಲ್ಲಿ ಎಷ್ಟು ಸಲ ಬೈಕ್ ಓಡಿಸಿದ್ದೀನೋ, ಒಂದು ದಿನವೂ ನಿಲ್ಲಿಸಿರಲಿಲ್ಲ.

ಕತೆ ಚಿಕ್ಕದಾಗಿ ಹೇಳ್ತೀನಿ. ಮೊದಲ ಮಹಾಯುದ್ಧ ಶುರುವಾದ 1914ರಲ್ಲೇ ಮೈಸೂರು ಸಂಸ್ಥಾನದ ಈ ಕುದುರೆ ಪಡೆ ಹಡಗು ಹತ್ತಿ ಈಜಿಪ್ಟ್‌ಗೆ ಹೋಯಿತು. ಸೂಯೆಜ್ ಕಾಲುವೆ ಕಾವಲಿಗೆ. ಅಲ್ಲಿಂದ ಮರುಭೂಮಿ, ಅಲ್ಲಿಂದ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಎಂಬ ಬಂದರು ಊರು. ಕಾರ್ಮೆಲ್ ಬೆಟ್ಟದ ಮೇಲೆ ಶತ್ರುಗಳ ಫಿರಂಗಿ, ಮೆಷಿನ್ ಗನ್. ಇವರ ಕೈಯಲ್ಲಿ ಬಿದಿರಿನ ಹಿಡಿಯ ಭರ್ಜಿ ಮತ್ತು ಕತ್ತಿ. ಮೈಸೂರಿನವರ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು, ಜೋಧಪುರದವರು ಊರೊಳಕ್ಕೆ ನುಗ್ಗಿದರು. ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಅವತ್ತೇ ತೀರಿಕೊಂಡರು. ಸಂಜೆಯೊಳಗೆ ಊರು ಕೈಗೆ ಬಂತು, 1,350 ಜನ ಸೆರೆಸಿಕ್ಕರು. ಇವರ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು, 83 ಗಾಯಗೊಂಡವು.

ಆ ಸವಾರರಲ್ಲಿ ಒಬ್ಬನನ್ನು ಮಾಡಬೇಕು ಅಂತ ತೀರ್ಮಾನ ಮಾಡಿದೆ. ಗೆದ್ದ ದಿನ ಸಂಜೆ ಕುದುರೆಯಿಂದ ಇಳಿದು ಸುಮ್ಮನೆ ನಿಂತವನನ್ನು.

ಕಿಟ್ ಅಂತೂ ಇಲ್ಲ. ಬ್ರಿಟಿಷ್ ಕುದುರೆ ಸವಾರನ ರೆಸಿನ್ ಗೊಂಬೆ ತರಿಸಿ, ಅವನ ಟೋಪಿ ತಲೆ ಕತ್ತರಿಸಿ, ಬೇರೆ ಮುಖ ಕೂರಿಸಿ, ಮೇಲೆ ಎಂ-ಸೀಲ್‌ನಲ್ಲಿ ರುಮಾಲು ಕಟ್ಟಬೇಕು. ಹೌದು, ನಲ್ಲಿ ಸೋರಿದರೆ ಹಚ್ತೀವಲ್ಲ, ಅದೇ ಎಂ-ಸೀಲ್. ಎರಡು ಉಂಡೆ ಕಲಸಿ ನಾದಿದರೆ ಗಟ್ಟಿಯಾಗುವ ಮುಂಚೆ ಅರ್ಧ ಗಂಟೆ ಕೆಲಸ ಮಾಡಬಹುದು. ನಾನು ದಾರದ ಹಾಗೆ ಎಳೆದು ಒಂದರ ಮೇಲೊಂದು ಸುತ್ತಿದೆ. ಬಳೆ ಜೋಡಿಸಿಟ್ಟ ಹಾಗೆ ಕಾಣ್ತು.

ಅಪ್ಪ ಟಿವಿ ಮ್ಯೂಟ್ ಮಾಡಿ ಬಂದು ನೋಡಿದ. “ಏನ್ಲಾ ಇದು?”

“ಮೈಸೂರು ಲ್ಯಾನ್ಸರ್ ಅಪ್ಪ. ಕುದುರೆ ಸವಾರ.”

“ಕುದ್ರೆ ಎಲ್ಲೋ?”

“ಕುದುರೆ ಮಾಡೋಕೆ ನಂಗಿನ್ನೂ ಬರಲ್ಲ.”

“ಕುದ್ರೆನೇ ಇಲ್ದೆ ಎಂಥಾ ಸವಾರ್ನೋ” ಅಂತ ನಕ್ಕು, ಹೆಗಲ ಮೇಲಿದ್ದ ಟವಲ್ ತೆಗೆದು ತಲೆಗೆ ಸುತ್ತಿದ. ಎರಡೇ ಎರಡು ಸುತ್ತು. “ನೋಡು, ಬಟ್ಟೆ ಬಳೆ ಥರ ಕೂರಲ್ಲ. ಒಂದು ಸುತ್ತು ಇನ್ನೊಂದನ್ನ ದಾಟ್ಕೊಂಡು ಹೋಗ್ಬೇಕು. ಇಲ್ದಿದ್ರೆ ಬಗ್ಗಿದ ತಕ್ಷಣ ಬಿಚ್ಚೋಯ್ತದೆ.” ಫೋನ್ ತೆಗೆದು ನಾಲ್ಕೂ ಕಡೆಯಿಂದ ಅಪ್ಪನ ತಲೆಯ ಫೋಟೋ ತೆಗೆದುಕೊಂಡೆ. ನನ್ನ ಸವಾರನ ರುಮಾಲು ಅದನ್ನೇ ನೋಡಿ ಮಾಡಿದ್ದು.

ಅಪ್ಪನಿಗೆ ಟವಲ್ ಸುತ್ತೋದು ಅಷ್ಟು ಸಲೀಸು ಯಾಕೆ ಅಂದರೆ, 22 ವರ್ಷ ದಿನಾ ಸುತ್ತಿದ್ದಾನೆ. ಕನಕಪುರದ ಕಡೆ ಹಳ್ಳಿ ನಮ್ಮದು. 1997ರಲ್ಲಿ, ನನಗೆ ಎರಡು ವರ್ಷ ಇದ್ದಾಗ, ಅಪ್ಪ ಜಿಗಣಿಗೆ ಬಂದು ಗ್ರಾನೈಟ್ ಕತ್ತರಿಸಿ ಪಾಲಿಶ್ ಮಾಡೋ ಫ್ಯಾಕ್ಟರಿಗೆ ಸೇರಿದ. ಜಿಗಣಿ ನೋಡಿದವರಿಗೆ ಗೊತ್ತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ರಸ್ತೆ ಪಕ್ಕ ಕೋಣೆಯಷ್ಟು ದೊಡ್ಡ ಕಲ್ಲಿನ ಬ್ಲಾಕ್‌ಗಳು, ನಿಲ್ಲಿಸಿಟ್ಟ ಸ್ಲ್ಯಾಬ್‌ಗಳು, ಗರಗಸದ ಸದ್ದು, ಮರದೆಲೆಗಳ ಮೇಲೆ ಬೂದು ಪುಡಿ. ನಿಮ್ಮ ಅಡುಗೆಮನೆ ಕಟ್ಟೆಯ ಕಲ್ಲೂ ಇಲ್ಲಿಂದಲೇ ಬಂದಿರಬಹುದು.

ರುಮಾಲು ಒಣಗಿದ ಮೇಲೆ ಉಜ್ಜೋ ಕೆಲಸ. ರೆಸಿನ್ ತುಂಡುಗಳ ಅಂಚು ಸರಿ ಇರಲ್ಲ, ಎಮರಿ ಪೇಪರ್‌ನಲ್ಲಿ ತಿಕ್ಕಬೇಕು. ಹಾಲ್‌ನಲ್ಲೇ ಕೂತು ಪರಪರ ತಿಕ್ಕುತ್ತಿದ್ದೆ. ಅಪ್ಪ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟ. ಕುಡಿಯೋಕೆ ಅಂದುಕೊಂಡು ಎತ್ತಿದೆ.

“ಕುಡಿಯೋಕಲ್ಲ ಕಣೋ. ಪೇಪರ್ ಅದ್ಕೊಂಡು ಉಜ್ಜು. ಒಣಗಿದ್ದು ಉಜ್ಬಾರ್ದು.”

ಮಾಡೆಲಿಂಗ್ ವಿಡಿಯೋಗಳಲ್ಲೂ ಇದನ್ನೇ ಹೇಳ್ತಾರೆ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ ಅಂತ. ಆ ಭಾಗ ಬಂದಾಗೆಲ್ಲ ನಾನು ಮುಂದಕ್ಕೆ ಓಡಿಸ್ತಿದ್ದೆ.

ಮೇಲೆ ಹಾರ್ಡ್‌ವೇರ್ ಅಂಗಡಿಯ ಬೂದು ಪ್ರೈಮರ್ ಸ್ಪ್ರೇ ಹೊಡೆದೆ. ಆಮೇಲೆ ಮುಖ. ಇಲ್ಲಿ ಒಂದು ತಮಾಷೆ ಇದೆ. ಮಾಡೆಲ್ ಬಣ್ಣಗಳಲ್ಲಿ ‘ಫ್ಲೆಶ್’ ಅಂತ ಬರೆದ ಬಾಟಲಿ ತೆಗೆದರೆ ಒಳಗೆ ಗುಲಾಬಿ ಬಣ್ಣ. ಮಾಂಸದ ಬಣ್ಣ ಅಂದರೆ ಬಿಳಿಯರ ಬಣ್ಣ! ನಾನು ಕಡು ಕಂದು, ಕೆಂಪು ಕಾವಿ, ಹಳದಿ ಕಾವಿ ಮೂರನ್ನೂ ಕಲಸುತ್ತಾ ನನ್ನ ಮುಂಗೈ ಪಕ್ಕ ಹಿಡಿದು ಹೋಲಿಸಿದೆ. ಕೆನ್ನೆ, ಮೂಗು, ಹುಬ್ಬಿನ ಮೇಲೆ ಬೆಳಕು ಬಿದ್ದ ಹಾಗೆ ಕಾಣಬೇಕಾದರೆ ಆ ಬಣ್ಣಕ್ಕೆ ಬಿಳಿ ಬೆರೆಸಬಾರದು. ಬೆರೆಸಿದರೆ ನಮ್ಮ ಮೈಬಣ್ಣ ಬೂದಿ ಬಳಿದ ಹಾಗಾಗುತ್ತೆ. ಹಳದಿ ಕಾವಿ, ಒಂದು ಚೂರು ಕಿತ್ತಳೆ ಸಾಕು. ಕಣ್ಣಿನ ಅಗಲ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಬ್ರಷ್ ಇಡುವಾಗ ಉಸಿರು ಹಿಡೀಬೇಕು. ನಾಲ್ಕು ಸಲ ಮೆಳ್ಳಗಣ್ಣಾಗಿ, ಐದನೇ ಸಲ ಅವನು ನನ್ನನ್ನು ನೇರವಾಗಿ ನೋಡಿದ.

ಬಟ್ಟೆಗೆ ಖಾಕಿ. ಖಾಕಿ ಅನ್ನೋ ಮಾತೇ ಪರ್ಷಿಯನ್ ಭಾಷೆಯ ‘ಖಾಕ್’ನಿಂದ ಬಂದದ್ದು. ಖಾಕ್ ಅಂದರೆ ಮಣ್ಣು, ಧೂಳು. ಧೂಳಿನ ಬಣ್ಣದ ಬಟ್ಟೆ ಹಾಕಿಕೊಂಡರೆ ಧೂಳಲ್ಲಿ ಕಾಣಿಸಲ್ಲ ಅನ್ನೋ ಲೆಕ್ಕ. ಮೂಲ ಬಣ್ಣ ಹಚ್ಚಿ, ಕಂದು ಬಣ್ಣವನ್ನು ನೀರಿನಷ್ಟು ತೆಳು ಮಾಡಿ ಮಡಿಕೆಗಳೊಳಗೆ ಹರಿಯೋಕೆ ಬಿಟ್ಟೆ. ಉಬ್ಬಿದ ಜಾಗಕ್ಕೆ ತಿಳಿ ಖಾಕಿ. ಎದೆಗೆ ಅಡ್ಡಲಾಗಿ ಗುಂಡುಗಳ ಚರ್ಮದ ಪಟ್ಟಿ, ಕಾಲಿಗೆ ಸುತ್ತಿದ ಪಟ್ಟಿ, ಬೂಟು. ಎಲ್ಲ ಮುಗಿದಾಗ ಸವಾರ ಈಗಷ್ಟೇ ಟೈಲರ್ ಅಂಗಡಿಯಿಂದ ಬಂದವನ ಹಾಗೆ ನಿಂತಿದ್ದ. ನಾಲ್ಕು ವರ್ಷ ಮನೆ ಬಿಟ್ಟವನು, ಬೆಟ್ಟ ಹತ್ತಿ ಯುದ್ಧ ಮುಗಿಸಿದವನು ಅಂತ ಯಾರೂ ನಂಬಲ್ಲ.

ಇಲ್ಲಿ ವೆದರಿಂಗ್ ಬೇಕು. ಅಂದರೆ ಹೊಸದನ್ನು ಹಳತು ಮಾಡೋದು. ಧೂಳು, ಬೆವರು, ಸವೆತ, ತುಕ್ಕು ಇವನ್ನೆಲ್ಲ ಬಣ್ಣದಲ್ಲಿ ತರೋದು. ನನ್ನ ಮೊದಲ ಪ್ರಯತ್ನದಲ್ಲಿ ಸವಾರ ಮುಖಕ್ಕೆ ಪೌಡರ್ ಜಾಸ್ತಿಯಾದ ಮದುವೆ ಗಂಡಿನ ಹಾಗೆ ಕಂಡ. ಪುಡಿ ದಪ್ಪ ಆಗಿತ್ತು. ಲೆಕ್ಕ ಹಾಕಿ ನೋಡಿ: ಇಪ್ಪತ್ತನಾಲ್ಕು ಪಾಲು ಚಿಕ್ಕ ಮನುಷ್ಯನ ಮೇಲೆ ಅರ್ಧ ಮಿಲಿಮೀಟರ್ ಮರಳು ಬಿದ್ದರೆ, ಅವನಿಗದು 12 ಮಿಲಿಮೀಟರ್ ಜಲ್ಲಿಕಲ್ಲು. ತುಂಬಾ ನಯವಾದ ಪುಡಿ ಬೇಕು.

ಜಿಗಣಿಯಲ್ಲಿದ್ದುಕೊಂಡು ನಯವಾದ ಪುಡಿಗೆ ಬರವಾ? ಕಲ್ಲು ಕತ್ತರಿಸುವಾಗ ಸುರಿದ ನೀರಿನ ಜೊತೆ ಹರಿದುಬರೋ ಸ್ಲರಿ ಒಣಗಿದರೆ ಮೈದಾಹಿಟ್ಟಿನ ಹಾಗಿರುತ್ತೆ. ಒಂದು ಶನಿವಾರ ಬೆಳಿಗ್ಗೆ ರಸ್ತೆ ಪಕ್ಕ ಯಾರೋ ಸುರಿದಿದ್ದ ರಾಶಿಯಿಂದ ಒಂದು ಪ್ಲಾಸ್ಟಿಕ್ ಕವರ್ ತುಂಬಿಕೊಂಡು ಬಂದೆ. ಫ್ರೀ ಪಿಗ್ಮೆಂಟ್! ಹಾಲ್‌ನಲ್ಲಿ ಪೇಪರ್ ಹಾಸಿ, ಅಮ್ಮನ ಟೀ ಸೋಸೋ ಜರಡಿಯಲ್ಲಿ ಜರಡಿ ಹಿಡಿಯೋಕೆ ಕೂತೆ.

ಅಪ್ಪ ರೂಮಿನಿಂದ ಬಂದ. ಕವರ್ ನೋಡಿದ. ಏನೂ ಕೇಳಲಿಲ್ಲ. ಬಗ್ಗಿ ಕವರ್ ಬಾಯಿ ಗಂಟು ಹಾಕಿ, ಪೇಪರನ್ನು ಪುಡಿ ಹಾರದ ಹಾಗೆ ನಾಲ್ಕು ಮೂಲೆ ಹಿಡಿದು ಮಡಚಿ, ಜರಡಿ ಸಮೇತ ಹೊರಗೆ ತಗೊಂಡು ಹೋದ. ವಾಪಸ್ ಬಂದು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದ. ನಾನು ಎದ್ದು ಒರೆಸ್ತೀನಿ ಅಂದರೆ ಕೊಡಲಿಲ್ಲ. ಒರೆಸಿ ಎದ್ದು ನಿಲ್ಲೋ ಹೊತ್ತಿಗೆ ಕೆಮ್ಮು ಬಂತು. ಗೋಡೆ ಹಿಡಿದು ನಿಂತ.

“ಇದ್ನ ಮನೆಯೊಳ್ಗೆ ತರ್ಬೇಡ” ಅಂದ. “ನಾನು ಇಪ್ಪತ್ತೆರ್ಡು ವರ್ಷ ಬಾಗ್ಲಲ್ಲೇ ಬಟ್ಟೆ ಬಿಚ್ಚಿ ಒಳಕ್ ಬಂದಿದ್ದೀನಿ. ನಿಮ್ ಮೇಲೆ ಬೀಳ್ಬಾರ್ದು ಅಂತ.”

ಅಷ್ಟೇ. ಕೂಗಾಡಲಿಲ್ಲ. ಕೂಗಾಡೋ ಅಷ್ಟು ಉಸಿರು ಈಗ ಅವನಲ್ಲಿಲ್ಲ.

2019ರಲ್ಲಿ ಅಪ್ಪ ಕೆಲಸ ಬಿಟ್ಟಾಗ ಮಂಡಿನೋವು ಅಂತ ಹೇಳಿದ್ದ. 2023ರಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರ್ ಮೊದಲು ಕೇಳಿದ್ದೇ “ಏನ್ ಕೆಲಸ ಮಾಡ್ತಿದ್ರಿ?” ಅಂತ. ಗ್ರಾನೈಟ್‌ನಲ್ಲಿ ಬೆಣಚಿನ ಅಂಶ ಇರುತ್ತೆ. ಕತ್ತರಿಸುವಾಗ, ತಿಕ್ಕುವಾಗ ಅದು ಕಣ್ಣಿಗೆ ಕಾಣದಷ್ಟು ನಯವಾದ ಸಿಲಿಕಾ ಪುಡಿಯಾಗಿ ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೆ ಹೋಗುತ್ತೆ. ಅಲ್ಲಿ ಗಾಯದ ಕಲೆಯಂಥ ಗಟ್ಟಿ ಗಂಟುಗಳಾಗ್ತವೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಆದ ಕಲೆಯನ್ನು ಅಳಿಸೋ ಔಷಧಿ ಇಲ್ಲ. ಜಾಸ್ತಿಯಾಗದ ಹಾಗೆ ನೋಡ್ಕೋಬೇಕು, ಧೂಳಿಂದ ದೂರ ಇರಬೇಕು. ಇಷ್ಟೆಲ್ಲ ನನಗೆ ಗೊತ್ತಿತ್ತು. ಆ ಫೈಲ್ ನಾನೇ ಇಟ್ಟಿದ್ದೀನಿ, ಇನ್ಶೂರೆನ್ಸ್ ಫಾರ್ಮ್ ನಾನೇ ತುಂಬಿದ್ದೀನಿ. ಆದರೂ ಅದೇ ಪುಡಿಯನ್ನು ಅವನು ಮಲಗೋ ಮನೆಗೆ ತಂದು ಜರಡಿ ಹಿಡಿದೆ. ಫೈಲಿನಲ್ಲಿದ್ದದ್ದು ರಿಪೋರ್ಟ್, ಕವರಿನಲ್ಲಿದ್ದದ್ದು ಕಲರ್. ಎರಡೂ ಒಂದೇ ಅಂತ ತಲೆಗೆ ಹೊಳೆಯಲೇ ಇಲ್ಲ.

ಮೂರು ದಿನ ಮನೇಲಿ ಹೆಚ್ಚು ಮಾತಿರಲಿಲ್ಲ. ಲ್ಯಾಂಪು, ಬಣ್ಣ, ಸವಾರ ಎಲ್ಲವನ್ನೂ ಟೆರೇಸ್ ಮೆಟ್ಟಿಲ ಕೊನೆಯ ಚಿಕ್ಕ ಜಾಗಕ್ಕೆ ಸಾಗಿಸಿದೆ. ಅಮ್ಮನಿಗೆ ಹೊಸ ಜರಡಿ ತಂದುಕೊಟ್ಟೆ. ಸ್ಟೇಷನರಿ ಅಂಗಡಿಯಿಂದ ಮಕ್ಕಳು ಚಿತ್ರ ಬರೆಯೋ ಸಾಫ್ಟ್ ಪೇಸ್ಟಲ್ ಕಡ್ಡಿ ತಂದೆ. ಅದನ್ನು ಒಣಗಿದ ಹಾಗೇ ಉದುರಿಸದೆ, ನೀರಿನ ಹನಿಯ ಮೇಲೇ ಕೆರೆದು ತೆಳುವಾಗಿ ಕಲಸಿ ಬ್ರಷ್‌ನಲ್ಲಿ ಹಚ್ಚಬಹುದು. ಒಣಗಿದ ಮೇಲೆ ಧೂಳಿನ ಹಾಗೇ ಕಾಣುತ್ತೆ. ಬಣ್ಣವೂ ಇದೇ ಸರಿ. ಕಾರ್ಮೆಲ್ ಸುಣ್ಣಕಲ್ಲಿನ ಬೆಟ್ಟ. ಅಲ್ಲಿನ ಧೂಳು ಗ್ರಾನೈಟಿನ ಬೂದು ಅಲ್ಲ, ನಮ್ಮ ಹೊಲದ ಕೆಂಪೂ ಅಲ್ಲ, ಹಾಲಿಗೆ ಚಿಟಿಕೆ ಅರಿಶಿನ ಹಾಕಿದ ಹಾಗೆ. ಸ್ವಲ್ಪ ಯೋಚನೆ ಮಾಡಿದ್ದರೆ ಆ ಕವರ್ ಬೇಕೇ ಇರಲಿಲ್ಲ.

ಮಂಗಳವಾರ ರಾತ್ರಿ ಮೆಟ್ಟಿಲಲ್ಲಿ ಸದ್ದಾಯ್ತು. ನಮ್ಮ ಮನೆ ಟೆರೇಸಿಗೆ 18 ಮೆಟ್ಟಿಲು. ಅಪ್ಪ ಆರಕ್ಕೆ ಒಂದು ಸಲ ನಿಂತ, ಹನ್ನೆರಡಕ್ಕೆ ಇನ್ನೊಂದು ಸಲ. ಇಳಿದು ಹೋಗಿ ಕೈ ಹಿಡೀಲಾ ಅನ್ನಿಸಿತು. ಹಿಡಿದರೆ ಅವನಿಗೆ ಹಿಡಿಸಲ್ಲ. ಕುರ್ಚಿ ಖಾಲಿ ಮಾಡಿ ಕಾದೆ.

ಕೂತು ಉಸಿರು ಸರಿ ಮಾಡಿಕೊಂಡು ಸವಾರನನ್ನು ಕೈಗೆ ತಗೊಂಡ. ಲ್ಯಾಂಪಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದ.

“ಎಲ್ಲಾ ಕಡೆ ಒಂದೇ ಸಮ ಬಳ್ದಿದ್ಯಲ್ಲೋ. ಧೂಳು ಹಂಗೆ ಕೂರಲ್ಲ.”

“ಮತ್ತೆ?”

“ಮೊದ್ಲು ಕೂರೋದು ಹುಬ್ಬಲ್ಲಿ. ಆಮೇಲೆ ಮೀಸೆ, ಕಿವಿ ಮೇಲೆ. ಕಣ್ಣು ಉಜ್ಕೊಂಡಿರ್ತೀವಲ್ಲ, ಕಣ್ಣ್ ಸುತ್ತ ಇರಲ್ಲ. ಬೆವ್ರು ಇಳ್ದ ದಾರಿ ಹಂಗೇ ಕಾಣ್ತದೆ, ಇಲ್ಲಿ, ಕಿವಿ ಮುಂದೆ.” ತನ್ನ ಕೆನ್ನೆ ಮೇಲೇ ಬೆರಳು ಎಳೆದು ತೋರಿಸಿದ. “ಬಟ್ಟೇಲಿ ನೋಡು, ಮಡಿಕೆ ಒಳ್ಗೆ ತುಂಬ್ಕೊಳ್ತದೆ. ಉಜ್ಜೋ ಜಾಗ್ದಲ್ಲಿ ನಿಲ್ಲಲ್ಲ. ಈ ಪಟ್ಟಿ ಇದ್ಯಲ್ಲ, ಇದ್ನ ಆ ಕಡೆ ಈ ಕಡೆ ಸರ್ಸಿದ್ರೆ ಕೆಳ್ಗೆ ಬಟ್ಟೆ ಹೊಸದಿದ್ದಂಗೆ ಇರ್ತದೆ. ಬೆನ್ನಲ್ಲಿ ಬೆವ್ರು ಒಣಗಿದ್ರೆ ಸುತ್ತ ಬಿಳೀ ಗೆರೆ. ಉಪ್ಪು.”

ನಾನು ಬ್ರಷ್ ಬಿಟ್ಟು ನೋಟ್ಸ್ ಬರ್ಕೊಂಡೆ.

“ಇವ್ನು ಕುದ್ರೆ ಮೇಲಿಂದ ಇಳ್ದವ್ನು ಅಂದ್ಯಲ್ಲ? ತೊಡೆ ಒಳಭಾಗ ಜೀನಿಗೆ ಉಜ್ಜಿ ನುಣ್ಣಗಾಗಿರ್ಬೇಕು, ಅಲ್ಲಿ ಧೂಳು ಬೇಡ. ಮಂಡಿಯಿಂದ ಕೆಳಕ್ಕೆ ಜಾಸ್ತಿ ಹಾಕು, ಮೇಲಕ್ಕೆ ಹೋಗ್ತಾ ಕಮ್ಮಿ ಮಾಡು. ಕೈ ಮುಂದ್ಗಡೆ ಕೊಳೆ, ಹಿಂದ್ಗಡೆ ಧೂಳು.”

ಮಾಡೆಲಿಂಗ್ ಪುಸ್ತಕಗಳು ಹೇಳೋದೂ ಇಷ್ಟೇ. ಪ್ರತಿ ಕಲೆಗೂ ಒಂದು ಕಾರಣ ಇರಬೇಕು, ಸುಮ್ಮನೆ ಎರಚಬಾರದು ಅಂತ. ಆದರೆ ಪುಸ್ತಕದಲ್ಲಿ ಓದಿದಾಗ ನನಗದು ಟೆಕ್ನಿಕ್ ಆಗಿತ್ತು. ಅಪ್ಪ ಓದಿ ಹೇಳ್ತಿರಲಿಲ್ಲ, ಕನ್ನಡಿಯಲ್ಲಿ 22 ವರ್ಷ ನೋಡಿದ್ದನ್ನು ಹೇಳ್ತಿದ್ದ.

ಅವನು ಹುಬ್ಬು ಅಂದಾಗ ಒಂದು ನೆನಪು ಬಂತು. ಚಿಕ್ಕವನಿದ್ದಾಗ ಸಂಜೆ ಅಪ್ಪ ಗೇಟಿನ ಹತ್ತಿರ ಬಂದರೆ ಹುಬ್ಬೆಲ್ಲ ಬೆಳ್ಳಗಿರ್ತಿತ್ತು. ಸ್ನಾನ ಮಾಡಿ ಬಂದರೆ ಕಪ್ಪು. ಅಪ್ಪ ದಿನಾ ಸಂಜೆ ಮುದುಕ ಆಗ್ತಾನೆ, ನೀರು ಹಾಕ್ಕೊಂಡ್ರೆ ಸರಿ ಹೋಗ್ತಾನೆ ಅಂದುಕೊಂಡಿದ್ದೆ. ಹೇಳಿದೆ. ಅಪ್ಪ ತುಂಬಾ ಹೊತ್ತು ನಕ್ಕ, ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕ.

ಅವತ್ತು ರಾತ್ರಿ ಅವನು ಕೆಳಗೆ ಹೋದ ಮೇಲೆ ಫೋನಿನ ಗ್ಯಾಲರಿ, ಬೀರುವಿನಲ್ಲಿದ್ದ ಹಳೇ ಆಲ್ಬಮ್ ಎಲ್ಲ ಹುಡುಕಿದೆ. ಅಪ್ಪ ಮದುವೆ ಮನೆಯಲ್ಲಿ ಬಿಳಿ ಶರ್ಟಿನಲ್ಲಿದ್ದಾನೆ, ನನ್ನ ಕಾನ್ವೊಕೇಶನ್‌ನಲ್ಲಿ ಇಸ್ತ್ರಿ ಮಾಡಿದ ಶರ್ಟಿನಲ್ಲಿದ್ದಾನೆ. ಕೆಲಸದ ಬಟ್ಟೆಯಲ್ಲಿ ಒಂದೇ ಒಂದು ಫೋಟೋ ಇಲ್ಲ. ಫ್ಯಾಕ್ಟರಿಯೊಳಗೆ ಯಾರೂ ತೆಗೆದಿಲ್ಲ, ಬಾಗಿಲ ಒಳಗೆ ಆ ಬಟ್ಟೆ ಬಂದಿಲ್ಲ. ಹೈಫಾದ ಸವಾರರ ನೂರು ವರ್ಷ ಹಳೆಯ ಕಪ್ಪು-ಬಿಳುಪು ಫೋಟೋ ಹಿಗ್ಗಿಸಿ ಹಿಗ್ಗಿಸಿ ಯಾವ ಗುಂಡಿ ಎಲ್ಲಿದೆ ಅಂತ ಹುಡುಕಿದವನು ನಾನು. ನನ್ನ ಕಾಲೇಜಿನ ಫೀಸು ಬಂದ ಆ ಶರ್ಟಿನ ಬಣ್ಣ ಯಾವುದು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಅಮ್ಮನನ್ನ ಕೇಳಿದೆ. “ನೀಲಿ. ಒಗೆಯೋ ದಿನ ಮಾತ್ರ ನೀಲಿ” ಅಂದಳು.

ಇನ್ನೆರಡು ವಾರ ಹಿಡಿಯಿತು. ಅಪ್ಪ ಹೇಳಿದ ಹಾಗೆ ತೊಳೆದು ಮತ್ತೆ ಮಾಡಿದೆ. ಹುಬ್ಬಿಗೆ ಒಂದೊಂದು ಚುಕ್ಕಿ, ಕಿವಿ ಮುಂದೆ ಬೆವರಿನ ಒಂದು ಎಳೆ, ಪಟ್ಟಿಯ ಪಕ್ಕ ಕೂದಲೆಳೆಯಷ್ಟು ಹೊಸ ಖಾಕಿ, ಬೆನ್ನಲ್ಲಿ ಉಪ್ಪಿನ ಗೆರೆ. ಕೊನೆಗೆ ಹೊಳಪಿಲ್ಲದ ವಾರ್ನಿಶ್. ಈಗ ಅವನು ಯಾವ ಕಡೆಯಿಂದ ನೋಡಿದರೂ ಸುಸ್ತಾದ ಮನುಷ್ಯ. ಗೆದ್ದ ಹುಮ್ಮಸ್ಸಿಲ್ಲ, ಎಲ್ಲಾದರೂ ನೀರು ಸಿಕ್ಕರೆ ಮುಖ ತೊಳೆಯೋಣ ಅನ್ನೋ ಹಾಗೆ ನಿಂತಿದ್ದಾನೆ.

2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಮಾರನೇ ದಿನ 23, ಹೈಫಾ ದಿನ. ಮೈಸೂರು ಲ್ಯಾನ್ಸರ್ಸ್ ಆಮೇಲೆ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು, ಆ ದಿನವನ್ನು ಅವರು ಈಗಲೂ ಆಚರಿಸ್ತಾರೆ. ನಮ್ಮ ಮನೇಲಿ ದೊಡ್ಡ ಗೊಂಬೆ ಹಬ್ಬ ಏನಿಲ್ಲ. ಅಮ್ಮ ಒಂದು ಜೊತೆ ಪಟ್ಟದ ಗೊಂಬೆ, ನಾಲ್ಕಾರು ಚನ್ನಪಟ್ಟಣದ ಬೊಂಬೆ ಇಡ್ತಾಳೆ. ಈ ಸಲ ರಾಜ-ರಾಣಿ ಪಕ್ಕ ಸವಾರನಿಗೂ ಜಾಗ ಕೊಟ್ಟಳು. ಸಂಜೆ ಅರಿಶಿನ-ಕುಂಕುಮಕ್ಕೆ ಬಂದ ಪಕ್ಕದ ಮನೆ ಆಂಟಿ, “ಎಲ್ಲಾ ಹೊಸಾ ಗೊಂಬೆ ಇಟ್ಟು ಇದೊಂದು ಯಾಕ್ರೀ ಇಷ್ಟು ಕೊಳೆ? ಒರೆಸೋದಲ್ವಾ?” ಅಂದರು.

“ಒರೆಸ್ಬೇಡಿ” ಅಂದ ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ. “ಕೆಲ್ಸ ಮುಗ್ಸಿ ಬಂದವ್ನೆ.”

ಡಾಕ್ಟರ್ ಹತ್ತಿರ ಮುಂದಿನ ಚೆಕಪ್‌ಗೆ ದಿನ ಗೊತ್ತಾಗಿದೆ. ಈ ಸಲ ನಾನೂ ಒಳಗೆ ಹೋಗಿ ಕೂರ್ತೀನಿ, ಹೊರಗೆ ಲ್ಯಾಪ್‌ಟಾಪ್ ಬಿಚ್ಚಲ್ಲ. ಆಲ್ಬಮ್‌ನಲ್ಲಿಲ್ಲದ ಆ 22 ವರ್ಷದ ಬಗ್ಗೆ ದಿನಾ ಒಂದೊಂದು ಕೇಳ್ತಿದ್ದೀನಿ. ಮೂಡ್ ಇದ್ದರೆ ಹೇಳ್ತಾನೆ.

ಕುದುರೆಯ ಕಿಟ್ ಆರ್ಡರ್ ಮಾಡಿದ್ದೀನಿ. ಬಂದ ದಿನ ಡಬ್ಬಿ ಬಿಚ್ಚುವ ಮುಂಚೆಯೇ ಅಪ್ಪ ಕೇಳಿದ್ದು ಒಂದೇ: “ನೀರಿಟ್ಕೊಂಡ್ಯೇನೋ?”